ಅಪ್ಪ ಅಮ್ಮನ ಆಸ್ತಿ ಮಕ್ಕಳಿಗೆ ಬರೋಕೆ ಕೋರ್ಟ್ ಅಲೀಬಾರ್ದು ಅಂದ್ರೆ

ಮೊದ್ಲು ವಕೀಲರ ಹತ್ರ ಓಡ್ಬೇಡಿ, ಪಹಣಿ ತೆಗೆಸಿ ನೋಡಿ. ಎಷ್ಟೋ ಮನೇಲಿ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತೆ, ಅಪ್ಪ ಉಳ್ತಾ ಇದಾರಲ್ಲ ಅಂತ ಯಾರೂ ತಲೆ ಕೆಡಿಸ್ಕೊಂಡಿರಲ್ಲ. ಹಂಗಿದ್ರೆ ಅಪ್ಪ ಇರುವಾಗ್ಲೇ ಅಜ್ಜನ ಡೆತ್ ಸರ್ಟಿಫಿಕೇಟು, ನಾಡಕಚೇರಿಯಿಂದ ವಂಶವೃಕ್ಷ ತಗೊಂಡು ಪೌತಿ ಖಾತೆ, ಅಂದ್ರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸ್ಕೊಳ್ಳಿ. ವಂಶವೃಕ್ಷದಲ್ಲಿ ಅತ್ತೆಯಂದ್ರ ಹೆಸರು ಬಿಡ್ಬೇಡಿ, ಮದುವೆ ಆಗಿ ಹೋದ್ರು ಅಂತ ಬಿಟ್ಟಿದ್ದೇ ಆಮೇಲೆ ಪಾರ್ಟಿಷನ್ ಸೂಟ್ (ಪಾಲು ಕೇಳೋ ದಾವೆ) ಆಗಿ ಬರುತ್ತೆ.

ಸ್ವಯಾರ್ಜಿತ ಆದ್ರೆ ಅಪ್ಪ ಯಾರಿಗೆ ಬೇಕಾದ್ರೂ ಬರೀಬಹುದು. ಪಿತ್ರಾರ್ಜಿತ ಆದ್ರೆ ಅವರ ಪಾಲು ಮಾತ್ರ, ಯಾಕಂದ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಹೆಣ್ಮಕ್ಕಳಿಗೂ ಹುಟ್ಟಿಂದ್ಲೇ ಸಮಪಾಲು, 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ.

ಈಗ ಎಲ್ರೂ ಕೊಡೋ ಸಲಹೆ, ‘ಗಿಫ್ಟ್ ಡೀಡ್ ಮಾಡ್ಸಿಬಿಡಿ, ಫ್ಯಾಮಿಲಿ ಒಳಗೆ ಸ್ಟಾಂಪ್ ಡ್ಯೂಟಿ ಕಮ್ಮಿ’. ಕಮ್ಮಿ ಅನ್ನೋದೇನೋ ನಿಜ. ಆದ್ರೆ ರಿಜಿಸ್ಟರ್ ಆದ ದಿನದಿಂದ ಅಪ್ಪ ತಾವು ಕಟ್ಟಿಸಿದ ಮನೇಲೇ ಮಗನ ಮರ್ಜೀಲಿ ಇರ್ಬೇಕು, ಮನಸ್ಸು ಬದಲಾಯ್ತು ಅಂತ ವಾಪಸ್ ತಗೊಳ್ಳೋಕಾಗಲ್ಲ. ಮಾಡ್ಲೇಬೇಕು ಅಂದ್ರೆ ‘ನಮ್ಮನ್ನ ನೋಡ್ಕೋಬೇಕು’ ಅನ್ನೋ ಷರತ್ತು ಪತ್ರದಲ್ಲೇ ಬರೆಸಿ, ನೋಡ್ಕೊಳ್ಳದಿದ್ರೆ 2007ರ ಹಿರಿಯ ನಾಗರಿಕರ ಕಾಯ್ದೆ ಸೆಕ್ಷನ್ 23ರಲ್ಲಿ ಎಸಿ (ಅಸಿಸ್ಟೆಂಟ್ ಕಮಿಷನರ್) ಹತ್ರ ಹೋಗಿ ರದ್ದು ಮಾಡಿಸ್ಬಹುದು.

ವಾಸದ ಮನೆಗೆ ನಾನಂತೂ ವಿಲ್ಲೇ ಅಂತೀನಿ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು, ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಬಹುದು, ಕೊನೇದು ನಿಲ್ಲುತ್ತೆ. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡೋ ಪ್ರಮಾಣಪತ್ರ) ಕಡ್ಡಾಯ ಇಲ್ಲ, ಆದ್ರೆ ಯಾರಾದ್ರೂ ತಕರಾರು ತೆಗೆದ್ರೆ ಕೋರ್ಟಲ್ಲಿ ಸಾಕ್ಷಿ ಬಂದು ‘ನನ್ನ ಎದುರೇ ಸೈನ್ ಮಾಡಿದ್ರು’ ಅನ್ಬೇಕು. ಅದಕ್ಕೆ ಇಬ್ರು ಸಾಕ್ಷಿಗಳೂ ಅಪ್ಪನಿಗಿಂತ ಚಿಕ್ಕೋರಿರ್ಲಿ, ಅವರ ವಾರಿಗೆಯ ಸ್ನೇಹಿತ್ರು ಬೇಡ, ಆಸ್ತಿ ಸಿಗೋರಂತೂ ಬೇಡ್ವೇ ಬೇಡ. ಫ್ಯಾಮಿಲಿ ಡಾಕ್ಟರು ಒಬ್ರು ಸಾಕ್ಷಿ ಆದ್ರೆ ‘ಅಪ್ಪಂಗೆ ಬುದ್ಧಿ ಸ್ಥಿಮಿತದಲ್ಲಿರ್ಲಿಲ್ಲ’ ಅನ್ನೋ ವಾದ ಅಷ್ಟು ಸುಲಭಕ್ಕೆ ನಡೆಯಲ್ಲ. ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಮಾಡ್ಸಿ ಆದ್ರೂ. ಹಾಸಿಗೆ ಹಿಡಿದಿದ್ರೆ ಅರ್ಜಿ ಕೊಟ್ಟು ಸಬ್ ರಿಜಿಸ್ಟ್ರಾರನ್ನ ಮನೆಗೇ ಕರೆಸೋಕೂ ಅವಕಾಶ ಇದೆ.

ಎಫ್‌ಡಿ, ಅಕೌಂಟಿಗೆಲ್ಲ ನಾಮಿನಿ ಇದಾರಾ ನೋಡಿ, 2025ರ ನವೆಂಬರಿಂದ ನಾಲ್ಕು ಜನರವರೆಗೂ ಹಾಕ್ಬಹುದು. ನಾಮಿನಿ ಅಂದ್ರೆ ದುಡ್ಡು ಕೈಗೆ ತಗೊಳ್ಳೋರು ಅಷ್ಟೇ, ಮಾಲೀಕರಲ್ಲ, ಹಾಗಾಗಿ ವಿಲ್‌ನಲ್ಲೂ ಅದೇ ಹೆಸರಿದ್ರೆ ಜಗಳ ಇಲ್ಲ. ಒರಿಜಿನಲ್ ವಿಲ್ಲನ್ನ ಮಾತ್ರ ಅಪ್ಪ ಒಬ್ಬರ ಹೆಸರಲ್ಲಿರೋ ಲಾಕರಲ್ಲಿ ಇಡ್ಬೇಡಿ, ಅದನ್ನ ಆಚೆ ತೆಗೆಯೋಕೇ ಬ್ಯಾಂಕಿಗೆ ಅಲೀಬೇಕಾಗುತ್ತೆ.