ಒಂದು ನಿಮಿಷದ ಪರಿಚಯಕ್ಕೆ ಅರ್ಧ ಗಂಟೆಯ ಫೋನು

ಕಾಸರಗೋಡಿನಲ್ಲಿ ವೆಬ್ ಕೆಲಸ ಮಾಡುವ ನಾವು ಕೆಲವರು ಸೇರಿ ವರ್ಷಕ್ಕೆ ಒಂದು ದಿನದ ಸಮ್ಮೇಳನ ಮಾಡುತ್ತೇವೆ. ದೊಡ್ಡದೇನಲ್ಲ. ಬಾಡಿಗೆಯ ಹಾಲ್, ಒಂದು ಪ್ರೊಜೆಕ್ಟರ್, ಬೆಳಿಗ್ಗೆ ಗೋಳಿಬಜೆ ಮತ್ತು ಚಹಾ, ಮಾತಾಡಲು ಆರೇಳು ಜನ. ಅವರನ್ನು ವೇದಿಕೆಗೆ ಕರೆದು ಪರಿಚಯ ಮಾಡಿಕೊಡುವುದು ನನ್ನ ಪಾಲಿಗೆ ಬಂದ ಕೆಲಸ. ಅದನ್ನು ಹೇಗೆ ಮಾಡುತ್ತೇನೆ ಅಂತ ಬರೆದಿಡುತ್ತಿದ್ದೇನೆ. ನಾನು ಶುರು ಮಾಡಿದಾಗ ಹೇಳಿಕೊಡುವವರು ಯಾರೂ ಇರಲಿಲ್ಲ.

ಮೊದಲ ವರ್ಷ ಆದದ್ದು ಹೇಳುತ್ತೇನೆ. ಪೆರ್ಲ ಕಡೆಯ ಒಬ್ಬಳು ಹುಡುಗಿ ಕನ್ನಡ ಅಕ್ಷರಗಳು ಸ್ಕ್ರೀನ್ ಮೇಲೆ ಸರಿಯಾಗಿ ಕಾಣದ ಬಗ್ಗೆ ಮಾತಾಡುವವಳಿದ್ದಳು. ನನಗೆ ತುಂಬ ಇಷ್ಟದ ವಿಷಯ. ಪರಿಚಯ ಮಾಡುವ ಭರದಲ್ಲಿ ಎಲ್ಲವನ್ನೂ ನಾನೇ ಹೇಳಿಬಿಟ್ಟೆ. ಇಂಗ್ಲಿಷಿಗೆ ಅಂತ ಅಳೆದಿಟ್ಟ ಸಾಲಿನ ಎತ್ತರದಲ್ಲಿ, ಅಂದರೆ ಲೈನ್ ಹೈಟ್‌ನಲ್ಲಿ ನಮ್ಮ ಒತ್ತಕ್ಷರ ಕೆಳಗಿಳಿಯಲು ಜಾಗ ಸಾಲುವುದಿಲ್ಲ, ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ಓವರ್‌ಫ್ಲೋ ಹಿಡನ್ (ಹೊರಗೆ ಚಾಚಿದ್ದನ್ನು ತೋರಿಸಬೇಡ) ಅಂತ ಬೇರೆ ಬರೆದಿದ್ದರೆ ಒತ್ತು ಪೂರ್ತಿ ಕತ್ತರಿಸಿಹೋಗುತ್ತದೆ, ಆಗ ‘ಒಪ್ಪಿಗೆ’ ಅನ್ನುವ ಬಟನ್ ‘ಒಪಿಗೆ’ ಆಗುತ್ತದೆ ಅಂದೆ. ಜನ ನಕ್ಕರು. ನಾನು ಖುಷಿಯಲ್ಲಿ ಕೆಳಗಿಳಿದೆ. ಅವಳು ಬಂದು ಮೊದಲ ಸ್ಲೈಡ್ ಹಾಕಿದಳು. ಬಿಳಿ ಹಿನ್ನೆಲೆ, ನಡುವೆ ಒಂದೇ ಒಂದು ಹಸಿರು ಬಟನ್, ಅದರಲ್ಲಿ ‘ಒಪಿಗೆ’. ಬೆಳಿಗ್ಗೆ ಚಹಾ ಕುಡಿಯುವಾಗ ಅವಳೇ ನನಗೆ ಹೇಳಿದ್ದ ಉದಾಹರಣೆ ಅದು. ಈಗ ಯಾರೂ ನಗಲಿಲ್ಲ. ಅವಳು ಸ್ಕ್ರೀನ್ ಕಡೆ ಒಮ್ಮೆ ನೋಡಿ, ಏನೂ ಹೇಳದೆ ಎರಡು ಸ್ಲೈಡ್ ದಾಟಿಸಿ ಮುಂದೆ ಹೋದಳು. ವಾರಗಟ್ಟಲೆ ಕೂತು ತಯಾರಿ ಮಾಡಿದ್ದ ಶುರುವನ್ನು ನಾನು ಒಂದು ನಿಮಿಷದಲ್ಲಿ ಕಸಿದುಕೊಂಡಿದ್ದೆ. ಸಂಜೆ ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದಳು, ಆದರೆ ಆ ಬಟನ್ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ನಮ್ಮದು ಯಕ್ಷಗಾನದ ಕವಿ ಪಾರ್ತಿಸುಬ್ಬನ ಸೀಮೆ. ಕುಂಬಳೆಯ ಸುತ್ತ ಹುಟ್ಟಿ ಬೆಳೆದವರಿಗೆ ತಾಳಮದ್ದಳೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು. ಹಾಡುವ ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಪೀಠಿಕೆ ಹಾಕುವುದು, ಅರ್ಥ ಹೇಳುವುದು ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಕೆಲಸ. ಭಾಗವತರೇ ಅರ್ಥವನ್ನೂ ಹೇಳತೊಡಗಿದರೆ ಎದುರು ಕೂತವನು ಏನು ಮಾಡಬೇಕು? ನಾನು ಮಾಡಿದ್ದು ಅದನ್ನೇ.

ಆಮೇಲಿನ ವರ್ಷದಿಂದ ವಾರ ಮುಂಚೆ ಎಲ್ಲರಿಗೂ ಫೋನ್ ಮಾಡತೊಡಗಿದೆ. ಮೆಸೇಜ್ ಅಲ್ಲ, ಫೋನೇ. ಮೆಸೇಜಿನಲ್ಲಿ ಕೇಳಿದರೆ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಬರೆದ ಇಂಗ್ಲಿಷ್ ಪ್ಯಾರಾ ಬರುತ್ತದೆ. ಅದನ್ನು ಓದಿದರೆ ಅವರು ಯಾವ ಕಂಪೆನಿಯಲ್ಲಿ ಎಷ್ಟು ವರ್ಷ ಇದ್ದರು ಅಂತ ತಿಳಿಯುತ್ತದೆ, ಈ ವಿಷಯ ಯಾಕೆ ತಲೆಗೆ ಹತ್ತಿತು ಅಂತ ತಿಳಿಯುವುದಿಲ್ಲ. ಫೋನಿನಲ್ಲಿ ಹತ್ತು ನಿಮಿಷ ಊರಿನ ಮಾತಾಡಿದ ಮೇಲೆ ಅದು ತಾನಾಗಿ ಹೊರಗೆ ಬರುತ್ತದೆ.

ಮೊದಲು ಹೆಸರು ಕೇಳುತ್ತೇನೆ. ನಿಮ್ಮ ಹೆಸರು ನೀವೇ ಒಮ್ಮೆ ಹೇಳಿ, ನಾನು ಹೇಳಿದ್ದು ಸರಿಯಾ ನೋಡಿ ಅನ್ನುತ್ತೇನೆ. ನಮ್ಮಲ್ಲಿ ಇದು ಸಣ್ಣ ಸಂಗತಿ ಅಲ್ಲ. ಒಂದೇ ಬಸ್ ಸ್ಟಾಂಡಿನಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕೇಳುವ ಊರು. ನಾವು ಮಂಜೇಶ್ವರ ಅಂದರೆ ಇನ್ನೊಬ್ಬರು ಮಂಜೇಶ್ವರಂ ಅನ್ನುತ್ತಾರೆ. ಮಲಯಾಳದ ಮನೆತನದ ಹೆಸರುಗಳಲ್ಲಿ ಬರುವ, ಇಂಗ್ಲಿಷಿನಲ್ಲಿ ಜಡ್ ಎಚ್ ಅಂತ ಬರೆಯುವ ಆ ಸದ್ದನ್ನು ನಾವು ಸುಮ್ನೆ ‘ಳ’ ಮಾಡಿಬಿಡುತ್ತೇವೆ, ಕೆಲವರು ‘ಝ’ ಅಂತಲೂ ಓದುತ್ತಾರೆ. ಹಳಗನ್ನಡದಲ್ಲಿ ಅದಕ್ಕೆ ‘ೞ’ ಅಂತ ಅಕ್ಷರವೇ ಇತ್ತು. ನನ್ನ ಕಾರ್ಡಿನಲ್ಲಿ ಹೆಸರನ್ನು ಆ ಅಕ್ಷರ ಹಾಕಿಯೇ ಬರೆದುಕೊಳ್ಳುತ್ತೇನೆ. ನೋಡಿದ ಕೂಡಲೇ ನಾಲಿಗೆ ಹಿಂದಕ್ಕೆ ಮಡಚಬೇಕು ಅಂತ ನೆನಪಾಗುತ್ತದೆ.

ಈ ಅಕ್ಷರದ್ದೇ ಒಂದು ಕತೆ ಇದೆ, ಇಲ್ಲಿ ಹೇಳದೆ ಇರಲಾರೆ. ಕಂಪ್ಯೂಟರಿಗಾಗಿ ಎಲ್ಲ ಭಾಷೆಗಳ ಅಕ್ಷರಕ್ಕೂ ಸಂಖ್ಯೆ, ಹೆಸರು ಕೊಟ್ಟಿಟ್ಟ ಪಟ್ಟಿ ಯೂನಿಕೋಡ್. ಯೂನಿಕೋಡ್‌ನಲ್ಲಿ ೞಕಾರಕ್ಕೆ ತಪ್ಪಾಗಿ ‘ಫ’ ಅನ್ನುವ ಹೆಸರು ಕೊಟ್ಟಿದ್ದಾರೆ. ತಪ್ಪು ಅಂತ ಗೊತ್ತಾದ ಮೇಲೂ ತೆಗೆಯುವ ಹಾಗಿಲ್ಲ, ಯಾಕಂದ್ರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಅನ್ನುವುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ ಬಿಟ್ಟಿದ್ದಾರೆ. ಮೈಕಿನಲ್ಲಿ ತಪ್ಪಾಗಿ ಕರೆದ ಹೆಸರೂ ಹೀಗೇ. ಸಂಜೆಯವರೆಗೆ ಎಲ್ಲರೂ ಅದನ್ನೇ ಹಿಡಿದು ಕರೆಯುತ್ತಾರೆ.

ಎರಡನೆಯದು ಭಾಷೆ. ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಅಂತ ಕೇಳಿ, ಅದನ್ನು ವೇದಿಕೆಯಲ್ಲಿ ಸ್ಪಷ್ಟವಾಗಿ ಹೇಳುತ್ತೇನೆ. ಎಚ್‌ಟಿಎಂಎಲ್ ಬರೆಯುವವರಿಗೆ ಇದು ಬೇಗ ಅರ್ಥ ಆಗುತ್ತದೆ. ವೆಬ್ ಪುಟದ ತಲೆಯಲ್ಲೇ ಲ್ಯಾಂಗ್ ಅಂತ ಬರೆದು ಕನ್ನಡಕ್ಕೆ ಕೆಎನ್, ಮಲಯಾಳಕ್ಕೆ ಎಂಎಲ್, ತುಳುವಿಗೆ ಟಿಸಿವೈ ಅಂತ ಕೊಡುತ್ತೇವೆ ಅಲ್ವಾ? ಅದು ಇದ್ದರೆ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಯಾವ ದನಿಯಲ್ಲಿ ಓದಬೇಕು ಅಂತ ಮೊದಲೇ ತಿಳಿದುಕೊಳ್ಳುತ್ತದೆ. ಕೂತವರಿಗೂ ಅಷ್ಟೇ ಬೇಕು. ‘ಇವರು ಕನ್ನಡದಲ್ಲಿ ಮಾತಾಡುತ್ತಾರೆ, ಪ್ರಶ್ನೆ ಮಲಯಾಳದಲ್ಲೂ ಕೇಳಬಹುದು’ ಅಂದರೆ ಹಿಂದಿನ ಸಾಲಿನವರು ಹಗುರಾಗಿ ಕೂರುತ್ತಾರೆ. ಇದನ್ನು ನಾನು ಎರಡೂ ಭಾಷೆಯಲ್ಲಿ ಹೇಳುತ್ತೇನೆ. ನನ್ನ ಮಲಯಾಳಕ್ಕೆ ಕನ್ನಡದ ವಾಸನೆ ಇದೆ, ಇರಲಿ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ನಾನು ಏನು ಹೇಳಬಾರದು? ಕೇಳಿದ ಕೂಡಲೇ ಆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಆಮೇಲೆ ಬರುವ ಉತ್ತರಗಳು ನನಗೆ ಕಲಿಸಿದ್ದು ಜಾಸ್ತಿ. ಕಣ್ಣು ಕಾಣದ ಒಬ್ಬರು, ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಬಳಸಿ ವೆಬ್‌ಸೈಟ್ ಪರೀಕ್ಷೆ ಮಾಡುವವರು, ‘ನನ್ನ ಕಣ್ಣಿನ ವಿಷಯ ನಾನೇ ಹೇಳುತ್ತೇನೆ, ನೀವು ನನ್ನ ಕೆಲಸ ಹೇಳಿ’ ಅಂದರು. ನಾನು ಅಲ್ಲಿವರೆಗೆ ಬರೆದಿಟ್ಟಿದ್ದ ಮೊದಲ ವಾಕ್ಯವೇ ಅದಾಗಿತ್ತು. ಹೊಡೆದುಹಾಕಿದೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಮತ್ತೆ ಕೋಡ್ ಬರೆಯತೊಡಗಿದ ಒಬ್ಬರು ಗಂಡನ ಹೆಸರು, ಮಕ್ಕಳ ಸುದ್ದಿ ಎರಡೂ ಬೇಡ ಅಂದರು. ಗಂಡಸರನ್ನು ಪರಿಚಯಿಸುವಾಗ ನಾವು ಮಕ್ಕಳ ಲೆಕ್ಕ ಹೇಳುತ್ತೇವಾ?

ಬರೆಯುವುದು ಒಂದು ರಟ್ಟಿನ ಕಾರ್ಡಿನಲ್ಲಿ, ಪೆನ್ಸಿಲಿನಿಂದ, ಐದಾರು ಸಾಲು. ಫೋನ್ ನೋಡಿ ಓದುವುದಿಲ್ಲ. ಇವರಿಗೆ ಈ ಸಮಸ್ಯೆ ಎಲ್ಲಿ ಎದುರಾಯಿತು ಅನ್ನುವುದು ಒಂದು ಸಾಲು, ಇದು ಯಾರಿಗೆ ಉಪಯೋಗ ಅನ್ನುವುದು ಒಂದು. ಉತ್ತರ ಏನು ಅನ್ನುವುದು ಬರಕೂಡದು. ಹೆಸರು ಕೊನೆಗೆ. ಹೆಸರು ಹೇಳಿದ ಮೇಲೆ ನಾನು ಬಾಯಿ ತೆರೆಯುವುದಿಲ್ಲ, ಜನ ಚಪ್ಪಾಳೆ ತಟ್ಟಬೇಕಾದ್ದು ಅಲ್ಲಿಯೇ. ಗಟ್ಟಿಯಾಗಿ ಓದಿ ಗಡಿಯಾರ ನೋಡುತ್ತೇನೆ. ಒಂದೂವರೆ ನಿಮಿಷ ದಾಟಿದರೆ ಏನಾದರೂ ತೆಗೆಯುತ್ತೇನೆ.

ಇನ್ನೊಂದು, ಲ್ಯಾಪ್‌ಟಾಪ್. ಪ್ರೊಜೆಕ್ಟರಿಗೆ ಸೇರಿಸಿ, ಸ್ಕ್ರೀನ್ ಮೇಲೆ ಚಿತ್ರ ಬಂದ ಮೇಲೆಯೇ ಪರಿಚಯ ಶುರು. ಮೊದಲು ಪರಿಚಯ ಮಾಡಿ ಆಮೇಲೆ ವಯರ್ ಹುಡುಕಿದರೆ, ಚಪ್ಪಾಳೆ ಆರಿ ಅವರು ಬಗ್ಗಿಕೊಂಡು ಅಡಾಪ್ಟರ್ ಸಿಕ್ಕಿಸುತ್ತಾ ಇರಬೇಕಾಗುತ್ತದೆ. ಶಾಲು, ಹಾರ, ಸ್ಮರಣಿಕೆ ಇವನ್ನೆಲ್ಲ ನಾವು ಬಿಟ್ಟಿದ್ದೇವೆ. ಹಿರಿಯರೊಬ್ಬರಿಗೆ ಬೇಸರ ಆಯಿತು. ಆದರೆ ಆರು ಜನರಿಗೆ ಶಾಲು ಹೊದೆಸುವ ಹೊತ್ತಿನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಮಾತಾಡಬಹುದು.

ಪೆರ್ಲದ ಆ ಹುಡುಗಿ ಈ ಸಲ ಮತ್ತೆ ಬರುತ್ತಿದ್ದಾಳೆ. ಫೋನ್ ಮಾಡಿದಾಗ ವಿಷಯ ಹೇಳಿದಳು, ಶುರು ಹೇಗೆ ಮಾಡುತ್ತಾಳೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಏಳು ಜನರಲ್ಲಿ ಆರು ಜನರ ಕಾರ್ಡ್ ಆಗಿದೆ. ಉಳಿದವರು ದುಬೈಯಲ್ಲಿದ್ದಾರೆ, ರಜೆಯಲ್ಲಿ ಊರಿಗೆ ಬರುವಾಗ ಮಾತಾಡುತ್ತಾರೆ. ಅಲ್ಲಿ ರಾತ್ರಿ 9ಕ್ಕೆ ಬಿಡುವಂತೆ, ಅಂದರೆ ನಮಗೆ ಹತ್ತೂವರೆ. ಇವತ್ತು ಎದ್ದಿದ್ದು ಫೋನ್ ಮಾಡಬೇಕು.