ಅಪ್ಪ-ಅಮ್ಮನಿಗೆ ಕಂಪ್ಯೂಟರ್: ಯಾವುದು ಕೊಳ್ಳಬೇಕು, ಹೇಗೆ ಸಿದ್ಧ ಮಾಡಿಕೊಡಬೇಕು

ಹಿರಿಯರಿಗೆ ಕಂಪ್ಯೂಟರ್ ಆರಿಸುವಾಗ ಪ್ರೊಸೆಸರ್, ರ‍್ಯಾಮ್ ನೋಡುವುದು ಎರಡನೆಯ ಕೆಲಸ. ಅದು ತಂಟೆ ಮಾಡಿದಾಗ ಅವರ ಫೋನ್ ಎತ್ತುವವರು ಯಾರು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇರುವ ಮಗಳು ದಿನಾ ವಿಂಡೋಸ್ ಬಳಸುತ್ತಿದ್ದರೆ ಶಿರಸಿಯ ಮನೆಗೂ ವಿಂಡೋಸೇ ಇರಲಿ, ಮ್ಯಾಕ್ ಬಳಸುವವಳಾದರೆ ಮ್ಯಾಕ್ ಇರಲಿ. "ಕೆಳಗಡೆ ಎಡಕ್ಕೆ ಏನು ಕಾಣ್ತಿದೆ ಅಮ್ಮಾ?" ಎಂದು ಕೇಳುವವಳ ಎದುರಿಗೂ ಅದೇ ಪರದೆ ಇದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಒಂದು ಗಂಟೆ ಎಳೆದು ಇಬ್ಬರಿಗೂ ಸಾಕಾಗಿಹೋಗುತ್ತದೆ.

ಹಿರಿಯರು ಕಂಪ್ಯೂಟರನ್ನು ಮೂಲೆಗೆ ಸರಿಸುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ನಿನ್ನೆ ಇದ್ದದ್ದು ಇವತ್ತು ಇದ್ದಲ್ಲಿ ಇರುವುದಿಲ್ಲ. ಕೇಳದ ಕಿಟಕಿಯೊಂದು ತೆರೆದು ಏನೋ ಪ್ರಶ್ನೆ ಕೇಳುತ್ತದೆ, ಒತ್ತಿದರೆ ಏನಾಗುತ್ತದೋ ಎಂಬ ಅಂಜಿಕೆ ಶುರುವಾಗುತ್ತದೆ. ಆರು ತಿಂಗಳು ಕಳೆದ ಮೇಲೂ ಮೊದಲ ದಿನದ ಹಾಗೇ ಕಾಣುವ ಯಂತ್ರವನ್ನು ಅವರ ಮುಂದಿಡಬೇಕು. ಮುಂದಿನ ಸಲಹೆಗಳೆಲ್ಲ ಅದಕ್ಕಾಗಿಯೇ.

ಟ್ಯಾಬ್ಲೆಟ್ ಸಾಕಾಗುತ್ತದೆಯೇ?

ಮೊಮ್ಮಕ್ಕಳ ಜೊತೆ ವಿಡಿಯೋ ಕರೆ, ಯೂಟ್ಯೂಬಿನಲ್ಲಿ ಯಕ್ಷಗಾನ, ಫೋಟೋ ನೋಡುವುದು ಇಷ್ಟೇ ಆದರೆ 11 ಇಂಚಿನ ಟ್ಯಾಬ್ಲೆಟ್ ಧಾರಾಳ ಸಾಕು. ಪಿಂಚಣಿದಾರರು ನವೆಂಬರಿನಲ್ಲಿ ಕೊಡುವ ಜೀವನ ಪ್ರಮಾಣ ಪತ್ರವನ್ನೂ ಈಗ ಆಂಡ್ರಾಯ್ಡ್ ಫೋನಿನಲ್ಲಿ ಮುಖ ತೋರಿಸಿಯೇ ಸಲ್ಲಿಸಬಹುದು, ಅದಕ್ಕೆಂದು ಕಂಪ್ಯೂಟರ್ ಬೇಡ. ಆದರೆ ಇ-ಪೇಪರ್ ಓದಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಯಬೇಕು, ನೆನಪುಗಳನ್ನೋ ಮನೆತನದ ವಂಶಾವಳಿಯನ್ನೋ ಬರೆದಿಡಬೇಕು ಎಂದರೆ ದೊಡ್ಡ ಪರದೆ, ಕೀಬೋರ್ಡ್ ಎರಡೂ ಬೇಕು. ಕೊಳ್ಳುವ ಮುಂಚೆ ಬೆರಳನ್ನೂ ಪರೀಕ್ಷಿಸಿ. ವಯಸ್ಸಾದಂತೆ ಬೆರಳತುದಿ ಒಣಗುತ್ತದೆ, ಒಣಗಿದ ಬೆರಳಿಗೆ ಟಚ್‌ಸ್ಕ್ರೀನ್ ಸರಿಯಾಗಿ ಸ್ಪಂದಿಸುವುದಿಲ್ಲ. ಫೋನಿನಲ್ಲಿ ಎರಡೆರಡು ಸಲ ಒತ್ತುವ ಅಭ್ಯಾಸ ಅವರಿಗೆ ಆಗಲೇ ಇದ್ದರೆ ಮೌಸೇ ಒಳ್ಳೆಯದು.

ಮೊದಲು ಪರದೆ, ಆಮೇಲೆ ಪೆಟ್ಟಿಗೆ

ಹಣವನ್ನು ಹೆಚ್ಚು ಹಾಕಬೇಕಾದದ್ದು ಪರದೆಗೆ. 24 ಇಂಚು, 1920×1080 ಪಿಕ್ಸೆಲ್ (ಪರದೆಯ ಚುಕ್ಕಿಗಳ ಲೆಕ್ಕ), ಹೊಳಪಿಲ್ಲದ ಮ್ಯಾಟ್ ಮೇಲ್ಮೈ ಇರಲಿ. ಇ-ಪೇಪರಿನ ಒಂದು ಪುಟ ಅಂದರೆ ಎಂಟು ಕಾಲಮ್ಮಿನ ಅಚ್ಚು. 15 ಇಂಚಿನ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಅತ್ತಿತ್ತ ಎಳೆಯುವುದರಲ್ಲೇ ಓದುವ ಹುಮ್ಮಸ್ಸು ಹೋಗುತ್ತದೆ.

ಪರದೆ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದಲ್ಲಿ ಹತ್ತಿರದ್ದನ್ನು ಓದುವ ಭಾಗ ಗಾಜಿನ ಕೆಳಗಡೆ ಇರುತ್ತದೆ. ಪರದೆ ಎತ್ತರಕ್ಕಿದ್ದರೆ ಆ ಭಾಗದಿಂದ ನೋಡಲು ಗದ್ದ ಮೇಲೆತ್ತಿ ಕೂರಬೇಕು, ಅರ್ಧ ಗಂಟೆಗೆ ಕುತ್ತಿಗೆ ನೋಯುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಲಿ, ಪರದೆ ತುಸು ಹಿಂದಕ್ಕೆ ವಾಲಿರಲಿ. ಎತ್ತರ ಇಳಿಸಿ ಏರಿಸಬಹುದಾದ ಸ್ಟ್ಯಾಂಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅನೇಕ ಮಾನಿಟರುಗಳಲ್ಲಿ ಸ್ಪೀಕರ್ ಇರುವುದೇ ಇಲ್ಲ, ಕೇಳಿಯೇ ಕೊಳ್ಳಿ. ಇಲ್ಲದಿದ್ದರೆ ಯುಎಸ್‌ಬಿ ಸ್ಪೀಕರ್ ಒಂದು ಜೋಡಿ ಬೇಕು. ಮಾನಿಟರಿನ ಮೇಲೆ ಕೂರಿಸುವ ಯುಎಸ್‌ಬಿ ಕ್ಯಾಮೆರಾಕ್ಕೆ ಮುಚ್ಚಳ ಇದ್ದರೆ ಅದನ್ನು ತೋರಿಸಿಕೊಡಿ. "ನನ್ನ ಮುಖ ಕಪ್ಪಗೆ ಕಾಣ್ತಿದೆ" ಎಂಬ ದೂರಿನ ಮೂಲ ಬಹಳ ಸಲ ಆ ಮುಚ್ಚಳವೇ.

ಪೆಟ್ಟಿಗೆಯ ವಿಷಯಕ್ಕೆ ಬಂದರೆ, ಈ ಕೆಲಸಗಳಿಗೆ ಇಂಟೆಲ್ ಎನ್100 ಇರುವ ಮಿನಿ ಪಿಸಿಯೂ ಸಾಕು. ಅಂಗೈಯಗಲದ ಡಬ್ಬಿ, ವಿದ್ಯುತ್ತೂ ಕಡಿಮೆ ತಿನ್ನುತ್ತದೆ. ರ‍್ಯಾಮ್ 8 ಜಿಬಿ, ಎಸ್‌ಎಸ್‌ಡಿ (ಫೈಲುಗಳು ಉಳಿಯುವ ವೇಗದ ಡಿಸ್ಕ್) 256 ಜಿಬಿ ಇರಲೇಬೇಕು. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬರುವ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಅಗ್ಗದ, ನಿಧಾನದ ಸಂಗ್ರಹ) ಎಂಬುದು ವಿಂಡೋಸ್ 11ರ ಕನಿಷ್ಠ ಅಳತೆ ಅಷ್ಟೇ. ಒಂದೆರಡು ದೊಡ್ಡ ಅಪ್‌ಡೇಟಿಗೆ ಆ ಜಾಗ ತುಂಬಿಹೋಗಿ, ಮುಂದಿನ ಅಪ್‌ಡೇಟ್ ಅರ್ಧಕ್ಕೆ ನಿಂತು, ದಿನಾ ಎಚ್ಚರಿಕೆ ತೋರಿಸತೊಡಗುತ್ತದೆ.

ರೀಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ ಯಂತ್ರವೂ ಒಳ್ಳೆಯ ದಾರಿ, ಅದರಲ್ಲೂ ಕಚೇರಿಗಳಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೋವೋ ಥಿಂಕ್‌ಸೆಂಟರ್ ಟೈನಿಯಂಥವು. ಒಂದೇ ಷರತ್ತು: ಪ್ರೊಸೆಸರ್ ಇಂಟೆಲ್ ಎಂಟನೇ ತಲೆಮಾರು ಅಥವಾ ಆಮೇಲಿನದಾಗಿರಬೇಕು. ಐ5-8500 ಎಂದಿದ್ದರೆ ಅಡ್ಡಗೀಟಿನ ನಂತರದ 8 ಅಂದರೆ ಎಂಟನೇ ತಲೆಮಾರು. ಐ5-6500, ಐ5-7500 ಇದ್ದರೆ ಬಿಟ್ಟುಬಿಡಿ. ಅವುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. "ಹೊಸ ವಿಂಡೋಸ್ ಹಾಕಿಕೊಡ್ತೀವಿ ಸಾರ್" ಎಂಬ ಮಾತಿಗೆ ಮರುಳಾಗಬೇಡಿ.

ಲ್ಯಾಪ್‌ಟಾಪ್ ಕೊಳ್ಳುವುದಾದರೆ 15.6 ಇಂಚಿನದು, 1920×1080 ಪರದೆಯದು, ಜೊತೆಗೆ ಹೊರಗಿನ ಮೌಸ್. 1366×768 ಪರದೆಯಲ್ಲಿ ಅಕ್ಷರವನ್ನು 150 ಪರ್ಸೆಂಟಿಗೆ ಹಿಗ್ಗಿಸಿದರೆ ಕೆಲವು ಕಿಟಕಿಗಳ "ಓಕೆ" ಬಟನ್ ಪರದೆಯ ಕೆಳಗೆ ಮುಳುಗಿಬಿಡುತ್ತದೆ. ಆಗ ಅವರಿಗೆ ಮುಂದೆಯೂ ದಾರಿಯಿಲ್ಲ, ಹಿಂದೆಯೂ ಇಲ್ಲ. ಪರದೆಯೊಳಗೇ ಕಂಪ್ಯೂಟರ್ ಅಡಗಿರುವ ಆಲ್-ಇನ್-ಒನ್ ನೋಡಲು ಚೆಂದ, ವೈರೂ ಕಡಿಮೆ. ಆದರೆ ಪರದೆ ಕೆಟ್ಟರೆ ಇಡೀ ಯಂತ್ರವೇ ರಿಪೇರಿಗೆ ಹೋಗಬೇಕು, ಹಾಗಾಗಿ ಊರಿನ ಮನೆಗೆ ಅದು ಬೇಡ.

ಕ್ರೋಮ್‌ಬುಕ್ (ವಿಂಡೋಸ್ ಬದಲು ಗೂಗಲ್ಲಿನ ಕ್ರೋಮ್ ಓಎಸ್ ಇರುವ ಲ್ಯಾಪ್‌ಟಾಪ್) ಕೆಡುವುದು ಕಡಿಮೆ, ಮೋಸದ ಸಾಫ್ಟ್‌ವೇರ್ ಒಳಬರುವುದೂ ಕಷ್ಟ. 2021ರಿಂದ ಈಚೆಗೆ ಬಿಡುಗಡೆಯಾದ ಮಾದರಿಗಳಿಗೆ 10 ವರ್ಷ ಅಪ್‌ಡೇಟ್ ಸಿಗುತ್ತದೆ. ಆದರೆ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಅದರಲ್ಲಿ ಓಡದು, ಮನೆಯಲ್ಲಿರುವ ಹಳೆಯ ಪ್ರಿಂಟರ್ ಓಡದೆಯೂ ಇರಬಹುದು. ಈ ಎರಡೂ ಬೇಡದವರಿಗೆ ಅದೇ ಅತ್ಯಂತ ನೆಮ್ಮದಿಯ ಆಯ್ಕೆ.

ಕೊಡುವ ಮುನ್ನ ಒಂದು ಮಧ್ಯಾಹ್ನದ ಕೆಲಸ

ವಿಂಡೋಸ್ ಎಂದುಕೊಂಡು ಹೇಳುವುದಾದರೆ, ಎರಡು ಖಾತೆ ಮಾಡಿ. ಅಡ್ಮಿನಿಸ್ಟ್ರೇಟರ್ ಖಾತೆ ನಿಮ್ಮದು, ದಿನನಿತ್ಯದ ಸ್ಟ್ಯಾಂಡರ್ಡ್ ಖಾತೆ ಅವರದು. ಕೈತಪ್ಪಿ ಏನನ್ನೋ ಇನ್‌ಸ್ಟಾಲ್ ಮಾಡಹೊರಟರೆ ಅದು ಹೆಚ್ಚಿನ ಸಲ ನಿಮ್ಮ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ. ಲಾಗಿನ್ನಿಗೆ ಅವರಿಗೆ ನೆನಪಿರುವ ಪಿನ್ ಸಾಕು. ತೋಟ, ಗದ್ದೆ, ಅಡುಗೆಮನೆಯಲ್ಲಿ ದುಡಿದ ಕೈಗಳ ಬೆರಳಚ್ಚು ಸವೆದಿರುತ್ತದೆ, ಬೆರಳಚ್ಚಿನ ಮೇಲೆ ಭರವಸೆ ಇಡಬೇಡಿ.

ಯಂತ್ರದ ಜೊತೆ ಬಂದ ಟ್ರಯಲ್ ಆಂಟಿವೈರಸ್ಸನ್ನು ಕಿತ್ತುಹಾಕಿ, ವಿಂಡೋಸಿನದೇ ಡಿಫೆಂಡರ್ ಸಾಕು. ಟ್ರಯಲ್ ಮುಗಿದಾಗ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಎಂದು ಅದು ತೋರಿಸುವ ಕೆಂಪು ಕಿಟಕಿಗೂ ವಂಚಕರ ಕಿಟಕಿಗೂ ವ್ಯತ್ಯಾಸ ಹಿರಿಯರಿಗೆ ತಿಳಿಯುವುದು ಹೇಗೆ? ಒನ್‌ಡ್ರೈವ್ (ಇಂಟರ್ನೆಟ್ಟಿನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟಿನ ಸೇವೆ) ಬ್ಯಾಕಪ್ಪನ್ನೂ ಆಫ್ ಮಾಡಿ, ಉಚಿತ 5 ಜಿಬಿ ತುಂಬಿದ ಮೇಲೆ ಅದರ ಕಾಟವೂ ಹಾಗೆಯೇ. ಫೋಟೋಗಳನ್ನು ನೀವು ಬಂದಾಗಲೆಲ್ಲ ಹೊರಗಿನ ಡಿಸ್ಕಿಗೆ ಇಳಿಸಿ.

ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲ್ 125 ಅಥವಾ 150 ಮಾಡಿ. ಸಾಲದಿದ್ದರೆ ಆಕ್ಸೆಸಿಬಿಲಿಟಿಯಲ್ಲಿ ಅಕ್ಷರದ ಗಾತ್ರವನ್ನಷ್ಟೇ ಬೇರೆಯಾಗಿ ಹೆಚ್ಚಿಸಬಹುದು. ಮೌಸಿನ ಬಾಣದ ಗುರುತನ್ನು ದೊಡ್ಡದು ಮಾಡಿ, ವೇಗ ತಗ್ಗಿಸಿ. ಕೈ ನಡುಗುವವರಿಗೆ ಡಬಲ್ ಕ್ಲಿಕ್ ದೊಡ್ಡ ಸಂಕಟ: ಎರಡು ಒತ್ತಿನ ನಡುವೆ ಮೌಸ್ ಜರುಗಿ ಐಕಾನು ಬೇರೆಲ್ಲೋ ಹೋಗಿ ಕೂರುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ತೆರೆಯುವ ಆಯ್ಕೆ ಇದೆ, ಅದನ್ನು ಹಾಕಿ. ಮೌಸ್ ವೈರಿನದೇ ಇರಲಿ, ವೈರ್‌ಲೆಸ್ ಮೌಸಿನ ಸೆಲ್ ಮುಗಿದ ದಿನ "ಕಂಪ್ಯೂಟರ್ ಕೆಟ್ಟಿತು" ಎಂದು ಫೋನ್ ಬರುತ್ತದೆ. ಡೆಸ್ಕ್‌ಟಾಪಿನಲ್ಲಿ ಐದಕ್ಕಿಂತ ಹೆಚ್ಚು ಐಕಾನು ಬೇಡ. ಹೆಸರುಗಳನ್ನು ಅವರ ಮಾತಿಗೆ ಬದಲಿಸಿ: "ಪೇಪರ್", "ಬ್ಯಾಂಕು", "ಫೋಟೋ".

ವಿಂಡೋಸ್ ಅಪ್‌ಡೇಟಿನಲ್ಲಿ ಆಕ್ಟಿವ್ ಅವರ್ಸ್ ಗರಿಷ್ಠ 18 ಗಂಟೆ. ಬೆಳಗ್ಗೆ 5ರಿಂದ ರಾತ್ರಿ 11 ಎಂದು ಕೊಟ್ಟರೆ ಓದುವ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗದು. ಡಿಸ್ಕ್ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದನ್ನು ಗುಪ್ತಲಿಪಿಯಲ್ಲಿಡುವುದು) ಚಾಲೂ ಇದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದು ನಿಮ್ಮ ಬಳಿ ಇಟ್ಟುಕೊಳ್ಳಿ. ಯಂತ್ರ ಆನ್ ಆದಾಗ ಮೊದಲು ಓಡುವ ಬಯೋಸ್ ಸಾಫ್ಟ್‌ವೇರಿನ ಅಪ್‌ಡೇಟ್ ಆದ ಮೇಲೆ ಒಮ್ಮೊಮ್ಮೆ ಅದನ್ನು ಕೇಳುತ್ತದೆ, ಕೀ ಇಲ್ಲದಿದ್ದರೆ ಫೋಟೋಗಳೆಲ್ಲ ಒಳಗೇ ಉಳಿಯುತ್ತವೆ.

ಬ್ರೌಸರಿನಲ್ಲಿ ಒಂದು ಸೆಟ್ಟಿಂಗ್ ತಪ್ಪಿಸಬೇಡಿ. ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್, ಯಾವ ಸೈಟಿಗೂ ಅನುಮತಿ ಬೇಡ. ಮೂಲೆಯಲ್ಲಿ ಪದೇಪದೇ ಮೂಡುವ "ವೈರಸ್ ಸಿಕ್ಕಿದೆ" ಸಂದೇಶಗಳಲ್ಲಿ ಬಹುಪಾಲು ವೈರಸ್ಸೇ ಅಲ್ಲ, ಯಾವುದೋ ಸೈಟಿಗೆ ಗೊತ್ತಿಲ್ಲದೆ ಕೊಟ್ಟ "ಅಲೋ".

ಕನ್ನಡ ಬರೆಯಲು

ನಿವೃತ್ತ ಶಿಕ್ಷಕರು, ಗುಮಾಸ್ತರು ನುಡಿಯಲ್ಲಿ ಟೈಪಿಂಗ್ ಕಲಿತವರಾದರೆ, ಒತ್ತಕ್ಷರಕ್ಕೆ ಎಫ್ ಒತ್ತುವ ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸ ಅವರ ಕೈಗೆ ಕೂತಿರುತ್ತದೆ. ಅದನ್ನು ಕಸಿದು ಹೊಸದು ಕಲಿಸಬೇಡಿ. ನುಡಿ ಹಾಕಿ, ಎಲ್ಲ ಕಡೆಯೂ ಸರಿಯಾಗಿ ಕಾಣುವ ಯುನಿಕೋಡಿನಲ್ಲಿ ಇಡಿ, ಹಳೆಯ ಫಾಂಟಿನಲ್ಲಿ ಬರೆದದ್ದನ್ನು ವಾಟ್ಸಾಪಿಗೆ ಅಂಟಿಸಿದರೆ ಚಿತ್ರವಿಚಿತ್ರ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಹೊಸಬರಿಗೆ ವಿಂಡೋಸಿನದೇ ಕನ್ನಡ ಫೋನೆಟಿಕ್ ಕೀಬೋರ್ಡ್ (ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಕೀಲಿ ಒತ್ತುವುದು) ಸುಲಭ. ಕೀಲಿಗಳ ಮೇಲೆ ಕನ್ನಡ ಸ್ಟಿಕ್ಕರ್ ಅಂಟಿಸುವ ಮೊದಲು ಅದು ಯಾವ ವಿನ್ಯಾಸದ್ದು ನೋಡಿ. ಇನ್‌ಸ್ಕ್ರಿಪ್ಟ್ (ಬೇರೆಯದೇ ಕೀಲಿ ವಿನ್ಯಾಸ) ಸ್ಟಿಕ್ಕರ್ ಅಂಟಿಸಿ ಫೋನೆಟಿಕ್ ಹಾಕಿದರೆ ಒತ್ತಿದ್ದೊಂದು, ಮೂಡಿದ್ದೊಂದು. ಟೈಪಿಂಗೇ ಬೇಡ ಎನ್ನುವವರು ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ವಾಯ್ಸ್ ಟೈಪಿಂಗಿನಲ್ಲಿ ಕನ್ನಡ ಆರಿಸಿ, ಮಾತಾಡಿಯೇ ಬರೆಸಬಹುದು.

ಕರೆಂಟು, ಸಿಡಿಲು

ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್. ಮಿನಿ ಪಿಸಿ ಮತ್ತು ಮಾನಿಟರಿಗೆ 600 ವಿಎ ಯುಪಿಎಸ್ ಸಾಕು, ಹೊಸ ಬ್ಯಾಟರಿಯಲ್ಲಿ ಅರ್ಧ ಗಂಟೆಗೆ ಮೋಸವಿಲ್ಲ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟಿಗೆ ಯುಪಿಎಸ್ ಸೋಲುತ್ತದೆ. ಒಳಗಿನ ಬ್ಯಾಟರಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಮನೆಗೆ ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗ ಕಂಪ್ಯೂಟರ್ ಆರುತ್ತದೆಯೇ? ಇನ್ವರ್ಟರಿನಲ್ಲಿ ಯುಪಿಎಸ್ ಮೋಡಿನ ಸ್ವಿಚ್ ಇದೆಯೇ ನೋಡಿ, ಅದರಲ್ಲಿಟ್ಟರೆ ಬದಲಾವಣೆ ಬೇಗ ಆಗುತ್ತದೆ. ವೈಫೈ ರೂಟರಿಗೂ ಪುಟ್ಟ ಯುಪಿಎಸ್ ಬೇಕು, ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಹೊಂದುವುದನ್ನು ತನ್ನಿ.

ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಸ್ವಿಚ್ ಆರಿಸಿದರೆ ಸಾಲದು. ಗುಡುಗು ದೂರದಲ್ಲಿ ಕೇಳಿಸುವಾಗಲೇ ಪ್ಲಗ್ ಕಿತ್ತಿಡಬೇಕು, ರೂಟರಿನದ್ದೂ ಸೇರಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಪ್ಲಗ್ಗಿನ ಹತ್ತಿರ ಹೋಗುವುದು ಬೇಡ. ಫೈಬರ್ ಇಂಟರ್ನೆಟ್ಟಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ಅಡಾಪ್ಟರಿನ ತಂತಿಯಲ್ಲಿ ಹರಿಯುತ್ತದೆ. ಪ್ಲಗ್ ಪಾಯಿಂಟ್ ಮಂಚದ ಹಿಂದೆ, ನೆಲದ ಹತ್ತಿರ ಇದ್ದರೆ ಮೊದಲು ಅದನ್ನು ಮೇಜಿನ ಎತ್ತರಕ್ಕೆ ತರಿಸಿ. ಬಗ್ಗಿ ಕೀಳಲಾಗದವರು ಕೀಳುವುದೇ ಇಲ್ಲ.

ದೂರದಿಂದ ಸಹಾಯ, ಹತ್ತಿರದ ಮೋಸ

ದೂರದಿಂದಲೇ ಅವರ ಪರದೆ ನೋಡಿ ಕಂಪ್ಯೂಟರ್ ನಡೆಸಲು ಬಿಡುವ ಕ್ರೋಮ್ ರಿಮೋಟ್ ಡೆಸ್ಕ್‌ಟಾಪನ್ನು ನೀವು ಅಲ್ಲಿರುವಾಗಲೇ ಹಾಕಿ, ಕನಿಷ್ಠ ಆರು ಅಂಕಿಯ ಪಿನ್ ಕೊಟ್ಟು, ಪಕ್ಕದ ಕೋಣೆಯಿಂದ ಒಮ್ಮೆ ಪರೀಕ್ಷಿಸಿ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಕಿಟಕಿ ನಿಮಗೆ ಕಾಣುತ್ತದೆಯೇ ಎಂಬುದನ್ನು ಮುಖ್ಯವಾಗಿ ನೋಡಿ. ಅದೇ ಕೆಲಸದ ವಿಂಡೋಸಿನ ಕ್ವಿಕ್ ಅಸಿಸ್ಟಿನಲ್ಲಿ ಆ ಹೊತ್ತಿಗೆ ಪರದೆ ಕಪ್ಪಾಗಿ ಕೆಲಸ ಅಲ್ಲಿಗೇ ನಿಂತುಬಿಡಬಹುದು.

ವಂಚಕರು ಬಳಸುವುದೂ ಇಂಥವೇ ಸಾಧನಗಳನ್ನು. ಇನ್‌ಸ್ಟಾಲ್ ಮಾಡದೆಯೇ ಓಡುವ ರಿಮೋಟ್ ಸಾಫ್ಟ್‌ವೇರುಗಳಿವೆ, ಸ್ಟ್ಯಾಂಡರ್ಡ್ ಖಾತೆ ಅವನ್ನು ತಡೆಯದು. ಆದ್ದರಿಂದ ಒಂದೇ ನಿಯಮ ಮಾಡಿ: ಯಾರೇ ಫೋನ್ ಮಾಡಿ ಕಂಪ್ಯೂಟರ್ ಮುಟ್ಟಲು ಹೇಳಿದರೂ ಫೋನ್ ಇಟ್ಟು ಮಗಳಿಗೋ ಮಗನಿಗೋ ತಾವೇ ಕರೆ ಮಾಡಬೇಕು. ಪೊಲೀಸರ ಸೋಗಿನಲ್ಲಿ ವಿಡಿಯೋ ಕರೆ ಮಾಡಿ ಹೆದರಿಸುವ "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ, ಇದನ್ನು ಅವರಿಗೆ ಬಿಡಿಸಿ ಹೇಳಿ. ಪರದೆ ತುಂಬ ಎಚ್ಚರಿಕೆ ಬಂದು ಗಂಟೆ ಬಾರಿಸಿದರೆ ಆಲ್ಟ್ ಹಿಡಿದು ಎಫ್4 ಒತ್ತುವುದು. ಹೋಗದಿದ್ದರೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸುವುದು. ಹಾಗೆ ಆರಿಸಿದರೆ ಬೈಯುವುದಿಲ್ಲ ಎಂದು ಮೊದಲೇ ಹೇಳಿಡಿ, ಬೈಸಿಕೊಳ್ಳುವ ಭಯಕ್ಕೆ ಎಷ್ಟೋ ಹಿರಿಯರು ಮೋಸವಾದದ್ದನ್ನೂ ಮುಚ್ಚಿಡುತ್ತಾರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಮೊದಲ ಎರಡು-ಮೂರು ದಿನ ಪಕ್ಕದಲ್ಲಿರಿ, ಆದರೆ ಮೌಸ್ ಅವರ ಕೈಯಲ್ಲೇ ಇರಲಿ. ನೀವು ಎಳೆದುಕೊಂಡು ಮಾಡಿ ತೋರಿಸಿದ್ದು ನೆನಪಿನಲ್ಲಿ ನಿಲ್ಲದು. ಆನ್ ಮಾಡುವುದು, ಪೇಪರ್ ತೆರೆಯುವುದು, ಆಫ್ ಮಾಡುವುದು ಹೇಗೆಂದು ಅವರದೇ ಕೈಬರಹದಲ್ಲಿ, ಅವರದೇ ಮಾತಿನಲ್ಲಿ ಬರೆಸಿ. ನಿಮ್ಮ ನಂಬರನ್ನೂ 1930ನ್ನೂ ಅದರ ಕೆಳಗೆ ದೊಡ್ಡದಾಗಿ ಬರೆದು ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿ.