ಕೆವೊದಲ್ಲಿ ಒಬ್ಬರೇ ನಡೆದು ಪ್ರಾಣಿ-ಪಕ್ಷಿ ನೋಡಲು

ಫಿನ್‌ಲೆಂಡಿನ ಉತ್ತರ ತುದಿಯಲ್ಲಿರುವ ಕೆವೊ 1956ರಿಂದ ಕಟ್ಟುನಿಟ್ಟಿನ ಸಂರಕ್ಷಿತ ಪ್ರದೇಶ. 712 ಚದರ ಕಿ.ಮೀ. ವಿಸ್ತಾರ, ನಡುವೆ ಸುಮಾರು 40 ಕಿ.ಮೀ. ಉದ್ದದ ಕಡಿದಾದ ಕಣಿವೆ. ಇಷ್ಟು ದೊಡ್ಡ ಜಾಗದಲ್ಲಿ ಏಕಾಂತ ತಾನಾಗಿ ಸಿಕ್ಕೀತು ಅಂದುಕೊಳ್ಳಬೇಡಿ. ಹಿಮವಿಲ್ಲದ ಕಾಲದಲ್ಲಿ ಗುರುತು ಹಾಕಿದ ಹಾದಿ ಬಿಟ್ಟು ಹೋಗುವಂತಿಲ್ಲ, ಟೆಂಟನ್ನೂ ಗೊತ್ತುಪಡಿಸಿದ ಕಡೆಯೇ ಹಾಕಬೇಕು. ಜಾಗ ಬದಲಿಸಲಾಗದು, ಹೊತ್ತು ಬದಲಿಸಬಹುದು.

ವಸಂತದಲ್ಲಿ ಹಕ್ಕಿಗಳು ಗೂಡು ಕಟ್ಟುವಾಗ ಕಣಿವೆ ಮುಚ್ಚಿರುತ್ತದೆ, ಆದ್ದರಿಂದ ಜೂನ್ ಮಧ್ಯದ ನಂತರ ಬನ್ನಿ. ಜುಲೈ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದಿಲ್ಲ. ಹಗಲು ಮಲಗಿ, ರಾತ್ರಿ ಹತ್ತಕ್ಕೆ ಹೊರಟು ಬೆಳಿಗ್ಗೆ ಆರಕ್ಕೆ ನಿಲ್ಲಿಸಿ. ಉಳಿದವರು ನಿದ್ದೆಯಲ್ಲಿರುತ್ತಾರೆ, ತಂಪೇರಿದಾಗ ಸೊಳ್ಳೆಗಳೂ ಮಂಕಾಗುತ್ತವೆ. ಹಾಗಂತ ಮುಖದ ಬಲೆ ಮರೆಯಬೇಡಿ. ಸೊಳ್ಳೆಯೇ ಬೇಡ ಅನ್ನುವವರಿಗೆ ಎಲೆ ಕೆಂಪಾಗುವ ಸೆಪ್ಟೆಂಬರ್ ಮೊದಲೆರಡು ವಾರ ಸರಿ. ಆದರೆ ಆಗ ರಾತ್ರಿ ಕತ್ತಲಿರುತ್ತದೆ, ಹೆಡ್‌ಲ್ಯಾಂಪ್ ಬೇಕು.

ಹಾದಿಯ ಒಂದು ತುದಿ ಸುಲಾಓಯಾದಿಂದ ಇನ್ನೊಂದು ತುದಿ ಕೆನೆಸ್‌ಯಾರ್ವಿಗೆ ಸುಮಾರು 64 ಕಿ.ಮೀ. ನಾಲ್ಕು ದಿನಕ್ಕೆ ಮುಗಿಸಬಹುದು, ಆದರೆ ಆ ವೇಗದಲ್ಲಿ ನೆಲವಷ್ಟೇ ಕಾಣುತ್ತದೆ. ಆರು ದಿನ ಇಟ್ಟುಕೊಳ್ಳಿ, ದಿನಕ್ಕೆ 700 ಗ್ರಾಂ ಒಣ ಆಹಾರ ಕಟ್ಟಿಕೊಳ್ಳಿ. ಹಾದಿಯ ಪಕ್ಕದಲ್ಲೇ, ಗಾಳಿ ಮುಖಕ್ಕೆ ಬಡಿಯುವಂತೆ, ಬಂಡೆಗೆ ಬೆನ್ನು ಕೊಟ್ಟು ಒಂದೂವರೆ ಗಂಟೆ ಅಲ್ಲಾಡದೆ ಕೂರಿ. ಎಂಟು ಪಟ್ಟು ಹತ್ತಿರ ತೋರಿಸುವ 8x42 ದುರ್ಬೀನು ಸಾಕು. ಹೆಚ್ಚು ಪವರಿನದು ಕೈಯಲ್ಲಿ ನಡುಗುತ್ತದೆ. ಕಣಿವೆಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಹುಡುಕಿ: ಬಂಡೆಯ ಮೇಲೆ ಬಿಳಿ ಹಿಕ್ಕೆಯ ಗೀರು ಇದ್ದರೆ ಅಲ್ಲಿ ಬೇಟೆಹಕ್ಕಿ ಕೂರುತ್ತದೆ. ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕೂಗತೊಡಗಿದರೆ ಗೂಡು ಹತ್ತಿರದಲ್ಲಿದೆ ಎಂದೇ ಅರ್ಥ. ಫೋಟೋ ಆಸೆ ಬಿಟ್ಟು ತಕ್ಷಣ ಮುಂದೆ ಸಾಗಿ, ತಾಯಿ ಎದ್ದುಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಹಿಮಸಾರಂಗಗಳು ಕಾಡಿನವಲ್ಲ, ಸಾಕುವವರ ಮಂದೆ, ಅವನ್ನು ಬೆದರಿಸಬೇಡಿ.

ಒಬ್ಬರೇ ಹೋದಾಗ ನಿಜವಾದ ಅಪಾಯ ಹೊಳೆ ದಾಟುವುದು. ಹಾದಿಯಲ್ಲಿ ಸೇತುವೆಯಿಲ್ಲದ ಕಡೆಗಳಿವೆ. ಬರಿಗಾಲು ಬೇಡ, ಕಲ್ಲು ಜಾರುತ್ತದೆ. ಹಗುರ ಬೂಟು ತೊಡಿ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ, ಇಲ್ಲವಾದರೆ ಬಿದ್ದಾಗ ಅದೇ ನಿಮ್ಮನ್ನು ಮುಳುಗಿಸುತ್ತದೆ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲು ಊರಿ, ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದು ಎತ್ತಿ. ಮಳೆಯ ಮರುದಿನ ನೀರು ಮೊಣಕಾಲು ಮೀರಿ ರಭಸವಾಗಿದ್ದರೆ ಇಳಿಯುವವರೆಗೆ ಕಾಯಿರಿ. ಆರನೆಯ ದಿನ ಇದಕ್ಕೂ ಬೇಕು.

ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನೆಚ್ಚಬೇಡಿ. ಯಾವ ದಿನ ಎಲ್ಲಿ ಮಲಗುತ್ತೀರಿ, ಯಾವ ಹೊತ್ತು ದಾಟಿದರೆ 112ಕ್ಕೆ ಕರೆ ಮಾಡಬೇಕು ಎಂದು ಒಬ್ಬರಿಗೆ ಬರೆದುಕೊಟ್ಟು ಹೊರಡಿ. ರಾತ್ರಿ ನಡೆಯುತ್ತೀರಿ ಎಂಬುದನ್ನೂ ಬರೆಯಿರಿ, ಹುಡುಕುವವರು ಹಗಲಿನ ಲೆಕ್ಕ ಹಾಕದಿರಲಿ.